21 ಸಾವಿರ ಅಂದರೆ ಯಾವ 21 ಸಾವಿರ?

"ಅಕ್ಕ, ನನಗೆ 31 ವರ್ಷ. ಡಿಎಂಎಲ್‌ಟಿ ಓದಿದ್ದೇನೆ. ಏಳು ವರ್ಷದಿಂದ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಹೊರಗುತ್ತಿಗೆ ಲ್ಯಾಬ್ ಟೆಕ್ನಿಷಿಯನ್. ಕೈಗೆ 16,500 ಬರುತ್ತದೆ, ಅದೂ ಎರಡು ತಿಂಗಳಿಗೊಮ್ಮೆ. ಇಲ್ಲಿಯವರೆಗೆ ಮೂರು ಏಜೆನ್ಸಿ ಬದಲಾಗಿವೆ. ಈಗ ಒಂದು ಖಾಸಗಿ ಲ್ಯಾಬಿನವರು ಕರೆದಿದ್ದಾರೆ. ಖಾಯಂ ಕೆಲಸ, 21 ಸಾವಿರ ಅಂತಾರೆ. ಬೆಳಗ್ಗೆ ಆರೂವರೆಗೆ ಹೋಗಬೇಕು. ಎರಡು ವರ್ಷ ಬಿಡುವಂತಿಲ್ಲ, ಒರಿಜಿನಲ್ ಮಾರ್ಕ್ಸ್ ಕಾರ್ಡ್ ಅವರ ಹತ್ತಿರ ಇಡಬೇಕಂತೆ. ಅತ್ತೆ 'ಸರ್ಕಾರಿ ಕೆಲಸ ಬಿಡಬೇಡ' ಅಂತಾರೆ. ಜೊತೆಯವರು 'ಇನ್ನೆರಡು ವರ್ಷ ತಡಿ, ಎಲ್ಲರನ್ನೂ ಖಾಯಂ ಮಾಡ್ತಾರೆ' ಅಂತಾರೆ. ನಮ್ಮ ಯಜಮಾನರು 'ನಿನ್ನಿಷ್ಟ' ಅಂದು ಸುಮ್ಮನಾಗಿದ್ದಾರೆ. ಮಗಳು ಒಂದನೇ ಕ್ಲಾಸು. ಏನು ಮಾಡಲಿ?"
– ಹೆಸರು ಬೇಡ, ದಾವಣಗೆರೆ

ತಂಗಿ, ನಿಮ್ಮ ಪತ್ರ ಓದಿ ನಮ್ಮಪ್ಪ ನೆನಪಾದರು. ಅವರು ಇದೇ ಊರಿನ ಹತ್ತಿ ಗಿರಣಿಯಲ್ಲಿ ಖಾಯಂ ಇದ್ದರು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಯುತ್ತಿದ್ದ ಕಾಲ ಅದು. ಹುಡುಗ ಗಿರಣಿಯಲ್ಲಿ ಖಾಯಂ ಅಂದರೆ ಹೊಲ ಎಷ್ಟಿದೆ ಅಂತಲೂ ಹೆಣ್ಣಿನವರು ಕೇಳುತ್ತಿರಲಿಲ್ಲವಂತೆ. ಆಮೇಲೆ ಗಿರಣಿಯೇ ಮುಚ್ಚಿತು. ಅಪ್ಪ ಮಂಡಕ್ಕಿ ಭಟ್ಟಿಯೊಂದರಲ್ಲಿ ಲೆಕ್ಕ ಬರೆಯಲು ಹೋದರು. ಅಲ್ಲಿ ಅವರನ್ನು ಯಾರೂ ಖಾಯಂ ಮಾಡಲಿಲ್ಲ, ಆದರೆ ಶನಿವಾರದ ಕೂಲಿ ಒಂದು ವಾರವೂ ತಪ್ಪಲಿಲ್ಲ. ಅದಕ್ಕೇ ಯಾರಾದರೂ ಖಾಯಂ ಅಂದ ಕೂಡಲೇ ನಾನು ಕಾಗದ ತೋರಿಸಿ ಅನ್ನುತ್ತೇನೆ.

ಮೊದಲು ನಿಮ್ಮದೇ ಕಾಗದ ತೆಗೆಯಿರಿ. ನಿಮ್ಮ ನೇಮಕಾತಿ ಪತ್ರದ ಮೇಲೆ ಯಾರ ಮೊಹರಿದೆ? ಏಜೆನ್ಸಿಯದ್ದು ಅಲ್ವಾ? ಅಂದರೆ ನೀವು ಸರ್ಕಾರಿ ಕಟ್ಟಡದಲ್ಲಿ ಕೆಲಸ ಮಾಡುತ್ತೀರಿ, ಸರ್ಕಾರಿ ಕೆಲಸದಲ್ಲಿ ಇಲ್ಲ. ಕೇಳಲು ಕಷ್ಟ, ಆದರೆ ಈ ಮಾತು ನಿಮಗೆ ಏಳು ವರ್ಷದ ಹಿಂದೆಯೇ ಯಾರಾದರೂ ಹೇಳಬೇಕಿತ್ತು.

ಖಾಯಂ ಆಗುವ ಆಸೆಯ ಕಥೆ ಸ್ವಲ್ಪ ಉದ್ದ. ನಮ್ಮ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯಲ್ಲಿ ವರ್ಷಗಟ್ಟಲೆ ದಿನಗೂಲಿ ಮಾಡಿದವರು ಖಾಯಂ ಮಾಡಿ ಅಂತ ಕೋರ್ಟಿಗೆ ಹೋಗಿದ್ದರು. ಅದು ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2006ರ ಏಪ್ರಿಲ್ 10ರಂದು ಐವರು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ಉಮಾದೇವಿ ತೀರ್ಪು ಅಂತಲೇ ಅದಕ್ಕೆ ಹೆಸರು. ಬಹಳ ವರ್ಷ ದುಡಿದ ಮಾತ್ರಕ್ಕೆ ಖಾಯಂ ಆಗುವ ಹಕ್ಕು ಬರುವುದಿಲ್ಲ ಅಂತ ಅದು ಹೇಳಿತು. ಮಂಜೂರಾದ ಹುದ್ದೆಯಲ್ಲಿ ಹತ್ತು ವರ್ಷ ಕಳೆದಿದ್ದವರಿಗೆ ಮಾತ್ರ ಒಂದು ಸಲದ ವಿನಾಯಿತಿ ಇತ್ತು. ಹಾಗಂತ ಬಾಗಿಲು ಪೂರ್ತಿ ಮುಚ್ಚಿಲ್ಲ. 2024ರ ಡಿಸೆಂಬರಿನಲ್ಲಿ ಜಗ್ಗೋ ಎಂಬ ಮಹಿಳೆಯ ಪ್ರಕರಣದಲ್ಲಿ ಅದೇ ಕೋರ್ಟು, ಉಮಾದೇವಿ ತೀರ್ಪನ್ನು ಗುರಾಣಿ ಮಾಡಿಕೊಂಡು ದಶಕಗಟ್ಟಲೆ ದುಡಿದವರನ್ನು ಹೊರಗೆ ಹಾಕಬೇಡಿ ಎಂಬ ಅರ್ಥದಲ್ಲಿ ಹೇಳಿ, ಆಕೆಯನ್ನೂ ಜೊತೆಯವರನ್ನೂ ಖಾಯಂ ಮಾಡಿಸಿತು. ನಮ್ಮ ಪೌರಕಾರ್ಮಿಕರೂ 2022ರ ಜುಲೈನಲ್ಲಿ ಪೊರಕೆ ಕೆಳಗಿಟ್ಟು ಕೂತ ಮೇಲೆಯೇ ಸರ್ಕಾರ ಖಾಯಂ ಮಾಡುವ ಮಾತಿಗೆ ಬಂದದ್ದು. ಆದ್ದರಿಂದ ನಿಮ್ಮ ಜೊತೆಯವರು ಸುಳ್ಳು ಹೇಳುತ್ತಿಲ್ಲ. ಆದರೆ ಏಜೆನ್ಸಿ ಮೂಲಕ ಬಂದವರ ದಾರಿ, ಸರ್ಕಾರವೇ ನೇರವಾಗಿ ಸಂಬಳ ಕೊಡುವವರ ದಾರಿಗಿಂತ ಉದ್ದ. "ಇನ್ನೆರಡು ವರ್ಷ" ಎಂಬ ಮಾತನ್ನು ನೀವು ಕೆಲಸಕ್ಕೆ ಸೇರಿದ ವರ್ಷವೂ ಕೇಳಿರುತ್ತೀರಿ. ಖಾಯಂ ಆದರೆ ಒಳ್ಳೆಯದು, ಸಂಘಕ್ಕೆ ಚಂದಾ ಕೊಡಿ. ಅದನ್ನು ನೆಚ್ಚಿ ಮಗಳ ಸ್ಕೂಲ್ ಫೀಸಿನ ಲೆಕ್ಕ ಮಾತ್ರ ಹಾಕಬೇಡಿ.

ಈಗ ಆ ಖಾಸಗಿ ಲ್ಯಾಬಿನ ಮಾತು. 21 ಸಾವಿರ ಅಂದರೆ ಯಾವ 21 ಸಾವಿರ? ಇದನ್ನು ಕೇಳದೆ ಹೂಂ ಅನ್ನಬೇಡಿ. ಮೂಲ ವೇತನ 13 ಸಾವಿರ, ಎಲ್ಲ ಸೇರಿ ಒಟ್ಟು 21 ಸಾವಿರ ಅಂತಿಟ್ಟುಕೊಳ್ಳೋಣ. ಪಿಎಫ್ 12 ಪರ್ಸೆಂಟ್, ಅಂದರೆ 1,560 ಹೋಗುತ್ತದೆ. ನೌಕರರ ಆರೋಗ್ಯ ವಿಮೆಯಾದ ಇಎಸ್‌ಐಗೆ ಮುಕ್ಕಾಲು ಪರ್ಸೆಂಟ್, ಸುಮಾರು 158. ಕೈಗೆ 19,280ರ ಹತ್ತಿರ. ಈಗಿನದಕ್ಕಿಂತ 2,800 ಜಾಸ್ತಿ. ಅದೇ 21 ಸಾವಿರ ಸಿಟಿಸಿ, ಅಂದರೆ ಮಾಲೀಕರು ನಿಮಗಾಗಿ ಮಾಡುವ ಒಟ್ಟು ಖರ್ಚು ಆಗಿದ್ದರೆ ಮಾಲೀಕರು ಕಟ್ಟುವ ಪಿಎಫ್ ಪಾಲು, ಇಎಸ್‌ಐನ ಮೂರೂಕಾಲು ಪರ್ಸೆಂಟ್ ಎಲ್ಲ ಅದರೊಳಗಿಂದಲೇ. ಆಗ ನಿಮ್ಮ ಕೈಗೆ ಹೆಚ್ಚೆಂದರೆ 17 ಸಾವಿರದ ಚಿಲ್ಲರೆ. ಆರುನೂರು ರೂಪಾಯಿಗೆ ಬೆಳಗಿನ ಐದೂವರೆಗೆ ಏಳಬೇಕಾ, ಯೋಚಿಸಿ. ಇಎಸ್‌ಐನ ಸಂಬಳ ಮಿತಿಯೂ 21 ಸಾವಿರವೇ. ಮುಂದಿನ ಇನ್‌ಕ್ರಿಮೆಂಟಿನಲ್ಲಿ ಅದು ದಾಟಿದರೆ ನಿಟ್ಟುವಳ್ಳಿಯ ಇಎಸ್‌ಐ ಆಸ್ಪತ್ರೆಯ ದಾರಿ ಸ್ವಲ್ಪ ಕಾಲದಲ್ಲೇ ಮುಚ್ಚುತ್ತದೆ. ಆಗ ಬೇರೆ ಆರೋಗ್ಯ ವಿಮೆ ಮಾಡಿಸುತ್ತೀರಾ ಅಂತ ಈಗಲೇ ಕೇಳಿಡಿ.

ಖಾಯಂ ಕೆಲಸದಿಂದ ನಿಜವಾಗಿ ಸಿಗುವುದು ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಕೊಡುವ ಇಡುಗಂಟು. ಒಂದೇ ಕಡೆ ಐದು ವರ್ಷ ಆದರೆ ವರ್ಷಕ್ಕೆ ಹದಿನೈದು ದಿನದ ಸಂಬಳ. ತಿಂಗಳಿಗೆ 26 ದಿನ ಅಂತ ಲೆಕ್ಕ ಹಿಡಿಯುವುದರಿಂದ 13 ಸಾವಿರದ ಮೇಲೆ ವರ್ಷಕ್ಕೆ 7,500, ಐದು ವರ್ಷಕ್ಕೆ 37,500. ಏಜೆನ್ಸಿ ಬದಲಾದಾಗಲೆಲ್ಲ ನಿಮ್ಮ ಲೆಕ್ಕ ಮತ್ತೆ ಸೊನ್ನೆಯಿಂದ ಶುರುವಾಗಿದೆ. ಏಳು ವರ್ಷ ದುಡಿದರೂ ಆ ಐದು ವರ್ಷ ಕೂಡಿ ಬಂದಿರಲಿಕ್ಕಿಲ್ಲ.

ಮಾರ್ಕ್ಸ್ ಕಾರ್ಡ್ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. ಕೊಡಬೇಡಿ. ಒರಿಜಿನಲ್ ತೋರಿಸಿ, ಜೆರಾಕ್ಸ್ ಕೊಟ್ಟು, ಒರಿಜಿನಲ್ ಬ್ಯಾಗಿಗೆ ಹಾಕಿಕೊಂಡು ಬನ್ನಿ. ನಾಳೆ ಸರ್ಕಾರದ ನೇಮಕಾತಿಗೆ ಅರ್ಜಿ ಕರೆದರೆ ದಾಖಲೆ ಪರಿಶೀಲನೆಗೆ ಏನು ತೋರಿಸುತ್ತೀರಿ? ಎರಡು ವರ್ಷದ ಮಾತು ಬೇಕಾದರೆ ಒಪ್ಪಬಹುದು. ಆದರೆ ಅವರೇ ನಿಮ್ಮನ್ನು ತೆಗೆಯುವುದಾದರೆ ಎಷ್ಟು ದಿನ ಮೊದಲು ಹೇಳಬೇಕು ಅನ್ನುವುದೂ ಅದೇ ಕಾಗದದಲ್ಲಿರಲಿ. ನೀವು ಎರಡು ವರ್ಷ ಬಿಡುವಂತಿಲ್ಲ, ಅವರು ಯಾವಾಗ ಬೇಕಾದರೂ ಬಿಡಿಸಬಹುದು ಅಂದರೆ ಅದು ಯಾರಿಗೆ ಖಾಯಂ?

ನಿಮ್ಮ ಅತ್ತೆಯ ಬಗ್ಗೆ ಒಂದು ಅನುಮಾನ. ಅವರು "ಸರ್ಕಾರಿ" ಅನ್ನುವಾಗ ಮನಸ್ಸಿನಲ್ಲಿ ಇರುವುದು ಆ ಆರೂವರೆ ಗಂಟೆ ಇರಬಹುದು. ಮಗುವಿಗೆ ಜಡೆ ಹಾಕಿ, ಡಬ್ಬಿ ಕಟ್ಟಿ, ಸ್ಕೂಲಿಗೆ ಕಳಿಸುವ ಕೆಲಸ ತಮ್ಮ ತಲೆಗೆ ಬರುತ್ತದೆ ಅಂತ ಅವರು ನಿಮಗಿಂತ ಮೊದಲೇ ಲೆಕ್ಕ ಹಾಕಿದ್ದಾರೆ. ಅದು ತಪ್ಪಲ್ಲ. ಖಾಲಿ ಹೊಟ್ಟೆಯ ರಕ್ತ ಪರೀಕ್ಷೆಗೆ ಜನ ಬೆಳಗ್ಗೆಯೇ ಬರುವುದರಿಂದ ಲ್ಯಾಬಿನವರು ಆ ಟೈಮು ಬಿಡುವುದಿಲ್ಲ. "ನಿನ್ನಿಷ್ಟ" ಅಂದ ಯಜಮಾನರನ್ನು ಕೂರಿಸಿ, ಬೆಳಗಿನ ಜಡೆ ನಿಮ್ಮದು ಅಂತ ಹೇಳಿ. ಕಲಿಯುತ್ತಾರೆ.

ನನ್ನ ಅಭಿಪ್ರಾಯ ಕೇಳಿದ್ದೀರಿ. ಒಟ್ಟು ಸಂಬಳವೇ 21 ಸಾವಿರ ಅಂತ ಬರೆದುಕೊಟ್ಟು, ಮಾರ್ಕ್ಸ್ ಕಾರ್ಡ್ ಕೇಳದಿದ್ದರೆ ಹೋಗಿ. ಇಲ್ಲದಿದ್ದರೆ ಇರುವ ಕಡೆಯೇ ಇದ್ದು ಬೇರೆ ಲ್ಯಾಬು ಹುಡುಕಿ. ಏಳು ವರ್ಷ ಸರ್ಕಾರಿ ಆಸ್ಪತ್ರೆಯ ರಶ್ಶಿನಲ್ಲಿ ಪಳಗಿದ ಕೈಗೆ ಈ ಊರಲ್ಲಿ ಕೆಲಸ ಇಲ್ಲ ಅಂತ ನಾನು ನಂಬುವುದಿಲ್ಲ.

ಹೊರಡುವ ಮೊದಲು ಆಸ್ಪತ್ರೆಯಿಂದ ಸೇವಾ ಪ್ರಮಾಣಪತ್ರ ಮಾಡಿಸಿಕೊಳ್ಳಿ. ಬಾಕಿ ಸಂಬಳ ಕೇಳಿ. ಏಜೆನ್ಸಿ ಕೊಡದಿದ್ದರೆ ಕೆಲಸ ಮಾಡಿಸಿಕೊಂಡ ಮುಖ್ಯ ಮಾಲೀಕರೇ ಕೊಡಬೇಕು ಎಂಬ ಮಾತು 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯಲ್ಲಿತ್ತು, 2025ರ ನವೆಂಬರಿನಲ್ಲಿ ಅದರ ಜಾಗಕ್ಕೆ ಬಂದ ಹೊಸ ಕಾರ್ಮಿಕ ಸಂಹಿತೆಯಲ್ಲೂ ಇದೆ, ಅದನ್ನು ಹಿಡಿದು ಕಾರ್ಮಿಕ ಇಲಾಖೆಗೆ ಅರ್ಜಿ ಕೊಡಬಹುದು. ಪಿಎಫ್ ಹಣವನ್ನು ಮಾತ್ರ ಬಿಡಿಸಿಕೊಳ್ಳಬೇಡಿ, ಕೈ ಎಷ್ಟೇ ಬಿಗಿಯಾಗಿದ್ದರೂ. ಪಿಎಫ್ ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕು. ಮೂರೂ ಏಜೆನ್ಸಿಯ ಖಾತೆಗಳನ್ನು ಒಂದೇ ಯುಎಎನ್‌ಗೆ, ಅಂದರೆ ಪಿಎಫ್‌ನಲ್ಲಿ ನಿಮಗಿರುವ ಒಂದೇ ನಂಬರಿಗೆ ವರ್ಗಾಯಿಸಿದರೆ ಏಳು ವರ್ಷ ನಿಮ್ಮ ಹೆಸರಲ್ಲಿ ಉಳಿಯುತ್ತದೆ, ಇನ್ನು ಮೂರು ಸಾಕು. ಇವತ್ತು ರಾತ್ರಿ ಮಗಳು ಮಲಗಿದ ಮೇಲೆ ಸರ್ಕಾರದ ಉಮಂಗ್ ಆಪ್ ತೆಗೆದು ಪಿಎಫ್ ಪಾಸ್‌ಬುಕ್ ನೋಡಿ. ಏಜೆನ್ಸಿಗಳು ತಿಂಗಳು ತಿಂಗಳು ಕಟ್ಟಿವೆಯೋ, ನಡುವೆ ಖಾಲಿ ಬಿಟ್ಟಿವೆಯೋ ಗೊತ್ತಾಗುತ್ತದೆ. ಖಾಲಿ ಇದ್ದರೆ ಆ ತಿಂಗಳುಗಳನ್ನು ಬರೆದು ನನಗೆ ಇನ್ನೊಂದು ಪತ್ರ ಹಾಕಿ.