ಗೇಟು ಮಂಡಳಿಯದು, ತೂಬು ರಾಜ್ಯದ್ದು

ಪ್ರಶ್ನೆ: ತುಂಗಭದ್ರಾ ಡ್ಯಾಂ ಇರೋದು ನಮ್ಮ ನೆಲದಾಗ, ಗೇಟು ಎತ್ತೋದು ಇಳಿಸೋದು ಮಂಡಳಿ ಕೈಯಾಗ. ಒಕ್ಕೂಟ ವ್ಯವಸ್ಥೆ ಅಂದ್ರ ಇದೇನಾ? ಕಾಲುವೆ ಕೊನೀ ಹೊಲಕ್ಕ ನೀರು ಬರವಲ್ದು, ಯಾರನ್ನ ಕೇಳ್ಬೇಕು?
– ರೈತರೊಬ್ಬರು, ಸಿರುಗುಪ್ಪ

ಉತ್ತರ: ಮೊದಲು ನೀರಿನ ಮಾತು. ಬಲದಂಡೆಯ ಮುಖ್ಯ ಕಾಲುವೆಗಳು ಆಂಧ್ರದ ಗಡಿ ಮುಟ್ಟುವವರೆಗೆ, ಅಣೆಕಟ್ಟು ನೋಡಿಕೊಳ್ಳುವ ಅಂತರರಾಜ್ಯ ಸಂಸ್ಥೆಯಾದ ತುಂಗಭದ್ರಾ ಮಂಡಳಿಯ ಸುಪರ್ದಿಯಲ್ಲಿವೆ. ಅವುಗಳಿಂದ ನಮ್ಮ ಹೊಲಗಳತ್ತ ಒಡೆದ ವಿತರಣಾ ಕಾಲುವೆ, ತೂಬು ಕರ್ನಾಟಕದವು. ಮುಖ್ಯ ಕಾಲುವೆ ಹರಿಯುತ್ತಿದ್ದು ನಿಮ್ಮ ಉಪಕಾಲುವೆ ಒಣಗಿದ್ದರೆ ಮಂಡಳಿಗೆ ಬರೆದು ಪ್ರಯೋಜನವಿಲ್ಲ. ವಿತರಣಾ ಕಾಲುವೆ ಸಂಖ್ಯೆ, ತೂಬಿನ ಸಂಖ್ಯೆ, ನೀರು ನಿಂತ ದಿನ ಬರೆದು ರಾಜ್ಯದ ನೀರಾವರಿ ಕಚೇರಿಗೆ ಕೊಡಿ, ಸ್ವೀಕೃತಿ ಪಡೆಯಿರಿ. ಬಹಳ ಸಲ ತೊಡಕು ನಮ್ಮೊಳಗೇ ಇರುತ್ತದೆ: ಕಡಿಮೆ ನೀರಿನ ಬೆಳೆಗೆಂದು ಗೊತ್ತುಮಾಡಿದ ಅಚ್ಚುಕಟ್ಟಿನಲ್ಲಿ ಕಾಲುವೆಯ ಮೇಲ್ಭಾಗದ ರೈತರು ಭತ್ತ ನಾಟಿ ಮಾಡುತ್ತಾರೆ, ಕೊನೆ ಭಾಗ ಒಣಗುತ್ತದೆ. ಅದಕ್ಕೆ ಆಂಧ್ರದವರನ್ನು ಬೈದರೆ ಏನೂ ಆಗದು.

ಇನ್ನು ಮಂಡಳಿ. 1945ರಲ್ಲಿ ಅಣೆಕಟ್ಟಿಗೆ ಕೈಹಾಕಿದವರು ಮದ್ರಾಸ್ ಮತ್ತು ಹೈದರಾಬಾದ್ ಸರ್ಕಾರಗಳು. 1953ರಲ್ಲಿ ಬಳ್ಳಾರಿ ಮೈಸೂರಿಗೆ ಬಂತು. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಭಾಷೆ ನೋಡಿ ಗಡಿ ಸರಿಸಿದರು, ಕಾಲುವೆ ಸರಿಸಲಾಗಲಿಲ್ಲ. ಆಂಧ್ರ ರಾಜ್ಯ ಕಾಯ್ದೆಯ 66ನೇ ಕಲಮಿನ ಅಡಿ ಮಂಡಳಿ ಹುಟ್ಟಿದ್ದು ಅದಕ್ಕೇ. ಮುಂದೆ ಕೃಷ್ಣಾ ಕಣಿವೆಯ ನೀರು ಹಂಚಿದ ಬಚಾವತ್ ನ್ಯಾಯಮಂಡಳಿ ಪಾಲು ಗೊತ್ತುಮಾಡಿತು. ಇಂದಿನ ಲೆಕ್ಕದಲ್ಲಿ 212 ಟಿಎಂಸಿಯಲ್ಲಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ) ಕರ್ನಾಟಕಕ್ಕೆ ಸುಮಾರು 139, ಆಂಧ್ರಕ್ಕೆ 66.5, ತೆಲಂಗಾಣಕ್ಕೆ 6.51. ನೀರು ಕಡಿಮೆ ಬಂದ ವರ್ಷ ಇದೇ ಅನುಪಾತದಲ್ಲಿ ಎಲ್ಲರಿಗೂ ಕಡಿತ. ಕನ್ನಡ, ತೆಲುಗು ಅವರವರ ಕಚೇರಿ, ಶಾಲೆಗಳಲ್ಲಿ ನಡೆಯುತ್ತವೆ. ನೀರು ಮಾತ್ರ ಟಿಎಂಸಿಯ ಭಾಷೆಯಲ್ಲಿ ಇತ್ಯರ್ಥವಾಗುತ್ತದೆ. ಜಗಳ ಇಲ್ಲವೆಂದಲ್ಲ, ಅದನ್ನು ಒಯ್ಯಲು ಒಂದು ಮೇಜಿದೆ.

ನಿಧಾನವೂ ಇದೆ, ಒಪ್ಪಬೇಕು. ಹೂಳಿನಿಂದ ಜಲಾಶಯದ ಸಾಮರ್ಥ್ಯ 133ರಿಂದ ಸುಮಾರು 105 ಟಿಎಂಸಿಗೆ ಇಳಿದಿದೆ. ಕಳೆದ ನೀರಿಗೆ ಪರ್ಯಾಯವೆಂದು ಕೊಪ್ಪಳ ಜಿಲ್ಲೆಯ ನವಲಿಯಲ್ಲಿ ಸಮತೋಲನ ಜಲಾಶಯ ಕಟ್ಟಲು ಉಳಿದೆರಡು ರಾಜ್ಯಗಳ ಒಪ್ಪಿಗೆ ಬೇಕು.

ಪ್ರಶ್ನೆ: ನಮ್ಮ ಮನೆಮಾತು ತೆಲುಗು. ಮಗಳಿಗೆ 371ಜೆ ಮೀಸಲಾತಿ ಸಿಗುತ್ತದೆಯೇ?
– ಓದುಗರೊಬ್ಬರು, ರಾಯಚೂರು

ಉತ್ತರ: ಸಿಗುತ್ತದೆ. 2012ರ 98ನೇ ತಿದ್ದುಪಡಿಯಿಂದ ಬಂದ ಸಂವಿಧಾನದ ಈ ವಿಧಿಯ ಸೌಲಭ್ಯ ಕೇಳುವುದು ಊರನ್ನು, ಮನೆಮಾತನ್ನಲ್ಲ: ನಮ್ಮ ಕಲ್ಯಾಣ ಕರ್ನಾಟಕ (ಹಿಂದಿನ ಹೈದರಾಬಾದ್ ಕರ್ನಾಟಕ) ಭಾಗದಲ್ಲಿ ಹುಟ್ಟಿರಬೇಕು, ಇಲ್ಲವೇ ನಿಯಮ ಹೇಳಿದಷ್ಟು ವರ್ಷ ವಾಸವಿದ್ದಿರಬೇಕು. ಸ್ಥಳೀಯ ವೃಂದದ, ಅಂದರೆ ಈ ಭಾಗದ ಸರ್ಕಾರಿ ಕಚೇರಿಗಳ, ಸಿ ಗುಂಪಿನ ಹುದ್ದೆಗಳಲ್ಲಿ ಶೇ. 80, ಡಿ ಗುಂಪಿನಲ್ಲಿ ಶೇ. 85 ಮೀಸಲು. ಅರ್ಹತಾ ಪತ್ರ ಕೊಡುವವರು ಉಪವಿಭಾಗದ ಸಹಾಯಕ ಆಯುಕ್ತರು. ಜಾತಿ ಪತ್ರದಂತೆ ತಹಶೀಲ್ದಾರ್ ಸಹಿ ಸಾಕೆಂದುಕೊಂಡು ಕೊನೆ ದಿನದವರೆಗೆ ಕಾಯಬೇಡಿ.