ಟೂಸಾನ್‌ನ ಫೋಟೋಗ್ರಫಿ ಕೇಂದ್ರಕ್ಕಾಗಿ ಒಂದು ದಿನ ತೆಗೆದಿಡಬಹುದೇ?

ಫೀನಿಕ್ಸ್‌ನ ತಂಗಿ ಮನೆಗೆ ಬರುತ್ತಿದ್ದೀರಿ, ಅರಿಜೋನಾ ವಿಶ್ವವಿದ್ಯಾಲಯದ ಕ್ಯಾಂಪಸ್‌ನಲ್ಲಿರುವ ಸೆಂಟರ್ ಫಾರ್ ಕ್ರಿಯೇಟಿವ್ ಫೋಟೋಗ್ರಫಿ ನೋಡಲು ಟೂಸಾನ್‌ಗೆ ಹೋಗಬಹುದಾ ಎಂದು ಕೇಳಿದ್ದೀರಿ. ಖಂಡಿತ ಹೋಗಿ. ಕಾರಿನಲ್ಲಿ ಎರಡು ಗಂಟೆ ದಾರಿ ಅಷ್ಟೇ. ಆದರೆ ಸುಮ್ನೆ ಹೋಗಿ ಬಾಗಿಲಲ್ಲಿ ನಿಲ್ಲಬೇಡಿ. ಯಾವ ಚಿತ್ರ ನೋಡಬೇಕು ಎಂದು ಮೊದಲೇ ಅವರಿಗೆ ಬರೆದು, ಸಮಯ ಗೊತ್ತು ಮಾಡಿಕೊಳ್ಳಿ.

ಯಾಕೆಂದರೆ ಗ್ಯಾಲರಿಯಲ್ಲಿ ಪ್ರದರ್ಶನ ಬದಲಾಗುತ್ತಾ ಇರುತ್ತದೆ. ಅಮೆರಿಕದ ನಿಸರ್ಗ ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ ಚಿತ್ರಗಳು ಯಾವಾಗಲೂ ಗೋಡೆಯ ಮೇಲೆ ಇರುವುದಿಲ್ಲ. 1975ರಲ್ಲಿ ಆಡಮ್ಸ್ ಮತ್ತು ವಿಶ್ವವಿದ್ಯಾಲಯದ ಆಗಿನ ಅಧ್ಯಕ್ಷ ಜಾನ್ ಶೇಫರ್ ಸೇರಿ ಶುರುಮಾಡಿದ ಜಾಗ ಇದು. ಛಾಯಾಗ್ರಾಹಕರ ಪ್ರಿಂಟ್, ನೆಗೆಟಿವ್, ಕಾಗದಪತ್ರ ಎಲ್ಲವನ್ನೂ ಒಟ್ಟಿಗೆ ಕಾಪಾಡುತ್ತಾರೆ. ಅದರ ನಿಜವಾದ ಆಸ್ತಿ ಒಳಗಿದೆ.

ನಾನು ಕೇಳಿದ್ದು ಆಡಮ್ಸ್ ಅವರ ‘ಮೂನ್‌ರೈಸ್, ಹರ್ನಾಂಡೆಜ್’ ಚಿತ್ರದ ಎರಡು ಪ್ರಿಂಟ್, ಒಂದು ಹಳೆಯದು, ಒಂದು ಆಮೇಲಿನದು. 1941ರಲ್ಲಿ ನ್ಯೂ ಮೆಕ್ಸಿಕೋದ ರಸ್ತೆ ಬದಿಯಲ್ಲಿ ತೆಗೆದದ್ದು, ಹಳ್ಳಿಯೊಂದರ ಸಮಾಧಿಗಳ ಮೇಲೆ ಚಂದ್ರ ಮೂಡಿದ ಚಿತ್ರ. ಬಿಸಿಲು ಇಳಿಯುತ್ತಿತ್ತು, ಬೆಳಕು ಅಳೆಯುವ ಲೈಟ್ ಮೀಟರ್ ಕೈಗೆ ಸಿಗಲಿಲ್ಲ. ಚಂದ್ರನ ಬೆಳಕು ಎಷ್ಟೆಂದು ಅವರಿಗೆ ಗೊತ್ತಿತ್ತು, ಅದರಿಂದಲೇ ಲೆಕ್ಕ ಹಾಕಿ ಕ್ಲಿಕ್ಕಿಸಿದರು. ಎರಡನೆಯದು ತೆಗೆಯುವಷ್ಟರಲ್ಲಿ ಸಮಾಧಿಯ ಶಿಲುಬೆಗಳ ಮೇಲಿನ ಬಿಸಿಲು ಹೋಗಿಬಿಟ್ಟಿತು. ಹಾಗಾಗಿ ಇರುವುದು ಒಂದೇ ನೆಗೆಟಿವ್.

ಆದರೆ ಮೇಜಿನ ಮೇಲೆ ಎರಡು ಬೇರೆ ರಾತ್ರಿಗಳೇ ಇದ್ದಂತಿತ್ತು! ಹಳೆಯದರಲ್ಲಿ ಆಕಾಶ ಬೂದು, ತೆಳ್ಳಗಿನ ಮೋಡ ಕಾಣುತ್ತದೆ. ಆಮೇಲಿನದರಲ್ಲಿ ಆಕಾಶ ಹೆಚ್ಚುಕಡಿಮೆ ಪೂರ್ತಿ ಕಪ್ಪು. ನಮ್ಮ ಸೋದರಮಾವನಿಗೆ ತಿಪಟೂರಿನಲ್ಲಿ ಸ್ಟುಡಿಯೋ ಇತ್ತು. ನೆಗೆಟಿವ್ ಮೂಲಕ ಕಾಗದದ ಮೇಲೆ ಬೆಳಕು ಬಿಡುವ ಎನ್‌ಲಾರ್ಜರ್ ಕೆಳಗೆ ಅಂಗೈ ಆಡಿಸುತ್ತಾ, ಮದುಮಗಳ ಮುಖಕ್ಕೆ ಬೆಳಕು ಕಡಿಮೆ ಬೀಳುವ ಹಾಗೆ ಮರೆಮಾಡುತ್ತಿದ್ದರು. ಮುಖ ಬೆಳ್ಳಗೆ ಬರಲಿ ಅಂತ. ಆಡಮ್ಸ್ ಕತ್ತಲೆ ಕೋಣೆಯಲ್ಲಿ ವರ್ಷಗಟ್ಟಲೆ ಮಾಡಿದ್ದೂ ಇಂಥದೇ ಕೈಕೆಲಸ, ಆಕಾಶಕ್ಕೆ ಮಾತ್ರ ಹೆಚ್ಚು ಬೆಳಕು ಬಿಟ್ಟು ಕಪ್ಪಾಗಿಸಿದರು. ಪುಸ್ತಕದಲ್ಲಿ, ಫೋನಿನಲ್ಲಿ ಇದು ಗೊತ್ತೇ ಆಗುವುದಿಲ್ಲ. ಮಾವ ಜೊತೆಗೆ ಇರಬೇಕಿತ್ತು ಅಂತ ಅವತ್ತು ತುಂಬಾ ಅನ್ನಿಸಿತು.

ಯುಜೀನ್ ಸ್ಮಿತ್ ಅವರ ಸಂಗ್ರಹವೂ ಇಲ್ಲೇ ಇದೆ. ಜಪಾನಿನ ಮಿನಮಾಟದಲ್ಲಿ ಕಾರ್ಖಾನೆಯ ಪಾದರಸದಿಂದ ನರಳಿದವರ ಚಿತ್ರ ತೆಗೆದವರು ಅವರೇ ಅಲ್ವಾ. ಕೊನೆಗೆ ಪಾಠ ಹೇಳಲು ಟೂಸಾನ್‌ಗೆ ಬಂದು, 1978ರಲ್ಲಿ ಇಲ್ಲೇ ತೀರಿಕೊಂಡರು.

ಚೀಲ ಹೊರಗಿಡಬೇಕು. ಬರೆದುಕೊಳ್ಳಲು ಪೆನ್ನು ಬೇಡ, ಪೆನ್ಸಿಲ್ ಒಯ್ಯಿರಿ. ಚಿತ್ರ ಜಾಸ್ತಿ ಕೇಳಬೇಡಿ, ಐದಾರು ಸಾಕು. ಎಡ್ವರ್ಡ್ ವೆಸ್ಟನ್ 1930ರಲ್ಲಿ ತೆಗೆದ ದೊಣ್ಣೆಮೆಣಸಿನಕಾಯಿ ಚಿತ್ರ ಮಾತ್ರ ನಿಮ್ಮ ಪಟ್ಟಿಯಲ್ಲಿ ಇರಲಿ. ದೊಡ್ಡ ನೆಗೆಟಿವ್ ಅನ್ನು ನೇರವಾಗಿ ಕಾಗದದ ಮೇಲಿಟ್ಟು ಮಾಡಿದ ಪ್ರಿಂಟ್ ಅದು. ಹತ್ತಿರ ಬಗ್ಗಿ ನೋಡಿ, ಕಾಯಿಯ ಸಿಪ್ಪೆಯ ಹೊಳಪು ಕಣ್ಣಿಗೆ ತಾಕುತ್ತದೆ.