ಯುದ್ಧನೌಕೆಗೂ ಬಗ್ಗದ ಅಳಿವೆ

ಪ್ರಶ್ನೆ: ಕಾರವಾರದ ಬೀಚಿನಲ್ಲಿರುವ ಐಎನ್‌ಎಸ್ ಚಪಲ್ ನೋಡಿ ಬಂದ ಮೇಲೆ ಮಗಳು ಕೇಳಿದಳು: ‘ಇಷ್ಟು ಗಟ್ಟಿ ಹಡಗು ನಮ್ಮ ಶರಾವತಿ ಅಳಿವೆಗೆ ಬಂದರೆ ಬೋಟಿನ ಹಾಗೆ ಮಗುಚುವುದಿಲ್ಲ ಅಲ್ವಾ?’ ಯುದ್ಧನೌಕೆಗಳು ನದಿಯ ಅಳಿವೆಯಲ್ಲಿ ಒಡೆದದ್ದು ಉಂಟಾ?
– ಓದುಗರು, ಕಾಸರಕೋಡ, ಹೊನ್ನಾವರ

ಉತ್ತರ: ಉಂಟು. ಒಂದಲ್ಲ, ಎರಡು. ಅದೂ ಒಂದೇ ಅಳಿವೆಯಲ್ಲಿ, ಸುಮಾರು ಐದು ವರ್ಷದ ಅಂತರದಲ್ಲಿ. ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಕೊಲಂಬಿಯಾ ನದಿ ಪೆಸಿಫಿಕ್ ಸಾಗರ ಸೇರುವ ಜಾಗ ಅದು. 1792ರಿಂದ ಈಚೆಗೆ ಅಲ್ಲಿ ಸಣ್ಣದು ದೊಡ್ಡದು ಸೇರಿ ಸುಮಾರು 2000 ಹಡಗು, ದೋಣಿಗಳು ಹಾಳಾಗಿವೆ ಎಂದು ಲೆಕ್ಕ.

ಮೊದಲು ಹೋದದ್ದು ‘ಪೀಕಾಕ್’, 1841ರ ಜುಲೈ 18ರಂದು. ಸಾಗರ ಸಮೀಕ್ಷೆಗೆ ಹೊರಟಿದ್ದ ನೌಕಾಪಡೆಯ ಹಡಗು, ಒಳಗೆ ವಿಜ್ಞಾನಿಗಳೂ ಇದ್ದರು. ವ್ಯಾಪಾರಿ ಹಡಗಿನ ಕ್ಯಾಪ್ಟನ್ ಒಬ್ಬ ಬರೆದುಕೊಟ್ಟ ದಾರಿ ನಂಬಿ ಒಳಗೆ ನುಗ್ಗಿದರು. ದಾರಿ ತಪ್ಪಾಗಿತ್ತು. ಹಡಗು ಮರಳಿಗೆ ಕೂತಿತು, ಅಲೆ ಹೊಡೆದು ಹೊಡೆದು ಒಡೆಯಿತು. ಜನರೆಲ್ಲ ಬದುಕಿದರು. ಆ ಮರಳ ದಿಬ್ಬಕ್ಕೆ ಇವತ್ತಿಗೂ ಪೀಕಾಕ್ ಎಂದೇ ಹೆಸರು.

ಎರಡನೆಯದು ‘ಶಾರ್ಕ್’. ನನಗೆ ಇದರ ಕಥೆಯೇ ಹೆಚ್ಚು ಸ್ವಾರಸ್ಯ. ಕೊಲಂಬಿಯಾ ಹರಿಯುವ ಒರೆಗಾನ್ ಪ್ರದೇಶಕ್ಕಾಗಿ ಬ್ರಿಟನ್ ಮತ್ತು ಅಮೆರಿಕ ಕಿತ್ತಾಡುತ್ತಿದ್ದಾಗ ತಮ್ಮ ಬಾವುಟ ತೋರಿಸಲು ಅಮೆರಿಕದವರು ಇದನ್ನು ಕಳಿಸಿದರು. ತಮಾಷೆ ಎಂದರೆ, 1846ರ ಜುಲೈಯಲ್ಲಿ ಹಡಗು ಅಲ್ಲಿಗೆ ಮುಟ್ಟುವ ಮೊದಲೇ, ಜೂನ್ 15ಕ್ಕೆ, ಒಪ್ಪಂದಕ್ಕೆ ಸಹಿ ಬಿದ್ದಿತ್ತು. ಸುದ್ದಿ ಮಾತ್ರ ಮುಟ್ಟಿರಲಿಲ್ಲ. ಒಳಗೆ ಬರುವಾಗ ದಾರಿ ತೋರಿಸಲು ಮುಂದೆ ಬಂದವನು ಜೇಮ್ಸ್ ಸಾಲ್ಸ್. ಯಾರು ಅಂತೀರಿ? ಒಡೆದುಹೋದ ಪೀಕಾಕಿನ ಅಡುಗೆಯವ, ಹಡಗು ಬಿಟ್ಟು ಅಲ್ಲೇ ನೆಲೆಸಿದ್ದ! ಇಪ್ಪತ್ತು ನಿಮಿಷದೊಳಗೆ ಶಾರ್ಕನ್ನೂ ಮರಳಿಗೆ ಹತ್ತಿಸಿಬಿಟ್ಟ. ಆಗ ಹೇಗೋ ಬಿಡಿಸಿಕೊಂಡರು.

ಸೆಪ್ಟೆಂಬರ್ 10ಕ್ಕೆ ಹೊರಗೆ ಹೋಗುವಾಗ ಅಳಿವೆ ಬಿಡಲಿಲ್ಲ. ಮತ್ತೆ ಮರಳು. ಭಾರ ಇಳಿಸಲು ಹಾಯಿ ಕಂಬಗಳನ್ನೇ ಕಡಿದು ಹಾಕಿದರು. ಪ್ರಯೋಜನ ಆಗಲಿಲ್ಲ. ಇಲ್ಲೂ ಯಾರೂ ಸಾಯಲಿಲ್ಲ. ಆದರೆ ಒಡೆದ ಅಟ್ಟದ (ಡೆಕ್) ಒಂದು ತುಂಡು, ಅದಕ್ಕೆ ಅಂಟಿದ್ದ ತೋಪುಗಳು ಮತ್ತು ಲಂಗರು ಎತ್ತುವ ರಾಟೆಯ ಸಮೇತ, ದಕ್ಷಿಣಕ್ಕೆ ತೇಲಿಹೋಗಿ ದಡ ಸೇರಿತು. 1898ರಲ್ಲಿ ಮರಳಿನಡಿ ಒಂದು ತೋಪು ಸಿಕ್ಕಿತು. ಅಲ್ಲಿನ ಊರಿಗೆ ಕ್ಯಾನನ್ ಬೀಚ್ ಎಂಬ ಹೆಸರು ಬಂದದ್ದು ಇದರಿಂದಲೇ. 2008ರಲ್ಲಿ ಮತ್ತೆರಡು ತೋಪು ಮೇಲೆ ಬಂದವು.

ಇನ್ನು ಮಗಳ ಪ್ರಶ್ನೆ. ಅಳಿವೆಯಲ್ಲಿ ಹಡಗು ಎಷ್ಟು ಗಟ್ಟಿ ಅನ್ನುವುದಕ್ಕಿಂತ ಎಷ್ಟು ಆಳ ಮುಳುಗಿ ಸಾಗುತ್ತದೆ ಅನ್ನುವುದು ಮುಖ್ಯ. ನದಿ ತಂದ ಮರಳನ್ನು ಸಮುದ್ರದ ಅಲೆ ವಾಪಸ್ ತಳ್ಳುತ್ತದೆ. ಹಾಗಾಗಿ ಬಾಯಲ್ಲೇ ದಿಬ್ಬ ಏಳುತ್ತದೆ. ಅದೂ ಒಂದೇ ಕಡೆ ನಿಲ್ಲುವುದಿಲ್ಲ, ಹೋದ ವರ್ಷದ ದಾರಿ ಈ ವರ್ಷ ಇರುವುದಿಲ್ಲ. ದೊಡ್ಡ ಹಡಗಿನ ತಳ ಕೆಳಗಿರುವುದರಿಂದ ಅದೇ ಮೊದಲು ತಾಗುತ್ತದೆ. ತಳ ಸಿಕ್ಕಿಕೊಂಡರೆ ಪಕ್ಕಕ್ಕೆ ಬೀಳುವ ಅಲೆಯಿಂದ ತಪ್ಪಿಸಿಕೊಳ್ಳಲು ಆಗುವುದಿಲ್ಲ.

ಇಳಿತದ ಹೊತ್ತು ಇನ್ನೂ ಕೆಟ್ಟದ್ದು. ನದಿಯ ನೀರು, ಇಳಿತದ ನೀರು ಎರಡೂ ಸೇರಿ ಹೊರಗೆ ನುಗ್ಗುತ್ತವೆ, ಸಮುದ್ರದ ಅಲೆ ಎದುರಿಂದ ಬರುತ್ತದೆ. ಎರಡೂ ಡಿಕ್ಕಿಯಾದರೆ ಅಲೆಗಳ ನಡುವಿನ ಅಂತರ ಕಮ್ಮಿಯಾಗುತ್ತದೆ, ಅಲೆ ಗೋಡೆಯಂತೆ ನೆಟ್ಟಗೆ ಏಳುತ್ತದೆ. ಉಬ್ಬರ ಬರಲಿ ಎಂದು ತಾಂಡೇಲರು (ಬೋಟು ನಡೆಸುವವರು) ಹೊರಗೇ ಕಾಯುವುದು ಸುಮ್ನೆ ಅಲ್ಲ.

ಕೊಲಂಬಿಯಾದಲ್ಲಿ ಆಮೇಲೆ ದಕ್ಷಿಣಕ್ಕೊಂದು, ಉತ್ತರಕ್ಕೊಂದು ಕಲ್ಲಿನ ತಡೆಗೋಡೆ ಕಟ್ಟಿದರು. ದಕ್ಷಿಣದ್ದು 1885ರಲ್ಲಿ ಶುರುವಾಯಿತು, ಉತ್ತರದ್ದು 1917ಕ್ಕೆ ಮುಗಿಯಿತು. ದಾರಿ ಆಳವಾಯಿತು, ಅಲೆ ಮಾತ್ರ ಹಾಗೇ ಇದೆ. ಇವತ್ತಿಗೂ ದೊಡ್ಡ ಹಡಗು ಬಂದರೆ ಅಳಿವೆ ಬಲ್ಲ ಪೈಲಟ್ (ಹಡಗಿಗೆ ದಾರಿ ತೋರಿಸುವವ) ದೋಣಿಯಲ್ಲೋ ಹೆಲಿಕಾಪ್ಟರಿನಲ್ಲೋ ಹೋಗಿ ಹಡಗು ಹತ್ತುತ್ತಾನೆ.